ಬಾಯಿ ಕಾಣುವ ಮಾಸ್ಕ್

ನನಗೆ ಎಡಗಿವಿ ಕೇಳಿಸುವುದಿಲ್ಲ. ಬಲಗಿವಿ ಅರ್ಧಂಬರ್ಧ ಕೇಳಿಸುತ್ತದೆ. ಇಷ್ಟನ್ನು ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಮೂವತ್ತು ವರ್ಷ ಹಿಡಿಯಿತು. ಹೇಳಿದ್ದು ಸೌದಿಯ ಅಲ್ ಖೋಬರಿನ ಹತ್ತಿರದ ಒಂದು ಭಾರತೀಯ ಶಾಲೆಯಲ್ಲಿ, ಹೆಡ್‌ಮಿಸ್ಟ್ರೆಸ್ಸರ ಕೋಣೆಯಲ್ಲಿ ನಿಂತುಕೊಂಡು. ಕೆಲಸ ಹೋಗುವುದಾದರೆ ಹೋಗಲಿ ಎಂದುಕೊಂಡೇ ಹೇಳಿದ್ದೆ. ಇವತ್ತಿಗೂ ಅದಕ್ಕೆ ನನಗೆ ಬೇಸರವಿಲ್ಲ. ಬೇಸರ ಇರುವುದು ಅಷ್ಟು ವರ್ಷ ಸುಮ್ಮನಿದ್ದದ್ದಕ್ಕೆ.

ನನ್ನ ಊರು ಉಡುಪಿಯ ದಕ್ಷಿಣಕ್ಕೆ, ಸಮುದ್ರದ ಬದಿ. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಸೋರತೊಡಗಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟರು, ಯಾರೋ ಹೇಳಿದ ಸೊಪ್ಪಿನ ರಸ ಬಿಟ್ಟರು, ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸೋರುವುದು ನಿಂತಿತು. ಅದರ ಜೊತೆಗೆ ಕೇಳಿಸುವುದೂ ಬಹುಪಾಲು ನಿಂತಿತು. ಉಮ್ಮ, ಅಂದರೆ ನನ್ನ ಅಮ್ಮ, ನನ್ನನ್ನು ಒಳಗೆ ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು. ಹೆಣ್ಣುಮಗಳಿಗೆ ಕಿವುಡಿ ಅಂತ ಒಮ್ಮೆ ಹೆಸರು ಬಿದ್ದರೆ ಮತ್ತೆ ಅದು ಹೋಗುವುದಿಲ್ಲ, ಯಾರ ಹತ್ತಿರವೂ ಹೇಳಬೇಡ. ಅವರಿಗೆ ನನ್ನ ಮದುವೆಯ ಚಿಂತೆ.

ಹಾಗೆ ನಾನು ಜನರ ಬಾಯಿ ನೋಡಲು ಕಲಿತೆ. ಯಾರೂ ಕಲಿಸಿದ್ದಲ್ಲ. ತುಟಿಯಲ್ಲಿ ಬರ, ಮರ, ಪರ ಮೂರೂ ಒಂದೇ ತರ ಕಾಣುತ್ತವೆ; ಹಿಂದೆ ಮುಂದೆ ಏನು ಬಂತು ಎಂದು ನೋಡಿ ಊಹಿಸಬೇಕು. ನಮ್ಮ ಕನ್ನಡ ಶಾಲೆಯಲ್ಲಿ ಒಬ್ಬರು ಮಾಸ್ಟ್ರು ಸದಾ ಎಲೆಯಡಿಕೆ ಹಾಕುತ್ತಿದ್ದರು. ಅವರ ಲೆಕ್ಕದ ಪಾಠ ನನಗೆ ಪೂರಾ ಹೋಯಿತು. ಸಮಾಜ ಪಾಠದ ಟೀಚರು ಬೋರ್ಡಿಗೆ ಮುಖ ಮಾಡಿಕೊಂಡೇ ಮಾತಾಡುತ್ತಿದ್ದರು, ಅದೂ ಹೋಯಿತು. ಉಳಿದದ್ದನ್ನು ಪುಸ್ತಕ ಓದಿ ಕಲಿತೆ. ಡಿಗ್ರಿ ಮಾಡಿದೆ, ಮಂಗಳೂರಿನಲ್ಲಿ ಬಿ.ಎಡ್. ಮಾಡಿದೆ. ಕೇಳಿಸದಿದ್ದಾಗ ನಗುವುದನ್ನೂ ಕಲಿತಿದ್ದೆ. ಎಲ್ಲರೂ ನಕ್ಕರೆ ನಕ್ಕುಬಿಡುವುದು, ಯಾರಾದರೂ ಪ್ರಶ್ನೆ ಕೇಳಿದ ಹಾಗೆ ಕಂಡರೆ ತಲೆ ಆಡಿಸುವುದು.

ಮದುವೆಯಾಗಿ ತಿಂಗಳೊಳಗೆ ಗಂಡನಿಗೆ ಗೊತ್ತಾಯಿತು. ಹಿಂದಿನಿಂದ ಕರೆದರೆ ನಾನು ತಿರುಗುವುದಿಲ್ಲ ಎಂದು ಅವರು ಗಮನಿಸಿದ್ದರು. ಅದನ್ನು ದೊಡ್ಡದು ಮಾಡಲಿಲ್ಲ. ನನ್ನನ್ನು ಸೌದಿಗೆ ಕರೆಸಿಕೊಂಡ ಮೇಲೆ ಖೋಬರಿನಲ್ಲಿ ಬಲಗಿವಿಗೆ ಒಂದು ಯಂತ್ರ ತೆಗೆದುಕೊಟ್ಟರು. ತಲೆಯ ಶಾಲಿನ ಒಳಗೆ ಅದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಶಾಲೆಗೆ ಅರ್ಜಿ ಹಾಕಿದಾಗ ಕಿವಿಯ ವಿಷಯ ಬರೆಯಲಿಲ್ಲ. ಒಂಬತ್ತು ವರ್ಷ ಹೆಣ್ಣುಮಕ್ಕಳ ವಿಭಾಗದಲ್ಲಿ ಸಣ್ಣ ಕ್ಲಾಸುಗಳಿಗೆ ಇಂಗ್ಲಿಷ್ ಪಾಠ ಮಾಡಿದೆ. ಯಾರಿಗೂ ಸಂಶಯ ಬರಲಿಲ್ಲ.

ಆಮೇಲೆ ಕೊರೋನಾ ಬಂತು, ಶಾಲೆ ಮುಚ್ಚಿತು. ಎಲ್ಲರಿಗೂ ಕಷ್ಟಕಾಲ, ಆದರೆ ನನ್ನ ಮಟ್ಟಿಗೆ ಪಾಠ ಮಾಡಲು ಅಷ್ಟು ಸುಲಭದ ದಿನಗಳು ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಕಿವಿಗೆ ಹೆಡ್‌ಫೋನ್, ಬೇಕಾದಷ್ಟು ಸದ್ದು, ಎದುರಿಗೆ ಒಂದೊಂದು ಮಗುವಿನ ಮುಖ ದೊಡ್ಡದಾಗಿ. ಎರಡು ವರ್ಷ ಹಾಗೆ ಹೋಯಿತು. ಸಣ್ಣ ಮಕ್ಕಳು ಮತ್ತೆ ಶಾಲೆಗೆ ಬರಬಹುದು ಎಂದಾದಾಗ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಭಯವಾಯಿತು, ಏಕೆಂದರೆ ಎಲ್ಲರೂ ಮಾಸ್ಕ್ ಹಾಕಿಯೇ ಬರಬೇಕಿತ್ತು.

ನನ್ನ ಪಾಲಿಗೆ ಬಂದದ್ದು ಎರಡನೇ ಕ್ಲಾಸು. ಇಪ್ಪತ್ತಾರು ಹೆಣ್ಣುಮಕ್ಕಳು, ಶಾಲೆಯ ಬೆಂಚನ್ನು ಕಂಡದ್ದೇ ಮೊದಲ ಸಲ. ಇಪ್ಪತ್ತಾರು ಮಾಸ್ಕ್. ಎ.ಸಿ.ಯ ಸದ್ದು ಬೇರೆ. ಹಾಜರಿ ಕರೆದರೆ ಯಾರು ಉತ್ತರ ಕೊಟ್ಟರು ಎಂದೇ ತಿಳಿಯಲಿಲ್ಲ. ಕೈ ಎತ್ತಿ ಎಂದು ಹೇಳಿ ಹೇಗೋ ಮುಗಿಸಿದೆ. ಮೂರನೇ ದಿನ ಮುಂದಿನ ಬೆಂಚಿನ ಒಂದು ಮಗು ಎದ್ದು ಬಂದು ಏನೋ ಕೇಳಿತು. ನನಗೆ ಕೇಳಿಸಲಿಲ್ಲ. ನನ್ನ ಹಳೇ ಅಭ್ಯಾಸದಂತೆ ತಲೆಯಾಡಿಸಿ, ತುಂಬಾ ಒಳ್ಳೆಯದು, ಹೋಗಿ ಕೂತುಕೋ ಅಂದೆ. ಅದು ಹೋಗಿ ಕೂತು ಮತ್ತೆ ಬಂತು. ಮತ್ತೆ ಹಾಗೇ ಹೇಳಿ ಕಳಿಸಿದೆ. ಮೂರನೇ ಸಲ ಅದು ಬರಲಿಲ್ಲ, ಕೂತಲ್ಲೇ ಅಳತೊಡಗಿತು. ಹತ್ತಿರ ಹೋಗಿ ನೋಡಿದರೆ ಸ್ಕರ್ಟ್ ಒದ್ದೆಯಾಗಿತ್ತು, ಬೆಂಚಿನ ಕೆಳಗೆ ನೀರು. ಪಾಪ, ಮೂತ್ರಕ್ಕೆ ಹೋಗಲೇ ಎಂದು ಮಗು ಎರಡು ಸಲ ಕೇಳಿತ್ತು. ಎರಡು ಸಲವೂ ನಾನು ಶಹಬ್ಬಾಸ್ ಹೇಳಿದ್ದೆ.

ಆಯಾಳನ್ನು ಕರೆಸಿ ಮಗುವಿನ ಬಟ್ಟೆ ಬದಲಿಸಿದೆವು. ಮಗುವಿನ ಮುಂದೆ ಮಂಡಿಯೂರಿ ಕ್ಷಮೆ ಕೇಳಿದೆ. ಅದು ತಲೆಯಾಡಿಸಿತು, ಮಾಸ್ಕಿನ ಒಳಗೆ ಏನು ಹೇಳಿತೋ ಅದೂ ನನಗೆ ಕೇಳಿಸಲಿಲ್ಲ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿ ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಗೋಡೆಗೆ ಕೈ ಬಡಿದೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಒಂದು ಮಗುವಿನ ಮರ್ಯಾದೆ ತೆಗೆದಿದ್ದೆ.

ಅದೇ ವಾರ ಮೂರನೇ ಬೆಂಚಿನ ಹುಡುಗಿಯ ಮೇಲೆ ನನ್ನ ಕಣ್ಣು ಬಿತ್ತು. ನೋಟ್‌ಬುಕ್ ತೆಗೆಯಿರಿ ಎಂದರೆ ಅವಳು ಮೊದಲು ಪಕ್ಕದವಳನ್ನು ನೋಡುತ್ತಾಳೆ, ಆಮೇಲೆ ತೆಗೆಯುತ್ತಾಳೆ. ಡಿಕ್ಟೇಶನ್ ಕೊಟ್ಟರೆ ಬೇರೆಯವರು ಬರೆದ ಮೇಲೆ ಬರೆಯುತ್ತಾಳೆ. ಯಾರಾದರೂ ನಕ್ಕರೆ ಅವಳ ಕಣ್ಣು ಒಂದು ಕ್ಷಣ ತಡವಾಗಿ ನಗುತ್ತದೆ. ಉಳಿದ ಟೀಚರುಗಳು ಅವಳನ್ನು ಮಂದ ಎಂದು ತೀರ್ಮಾನಿಸಿದ್ದರು. ಆನ್‌ಲೈನಿನಲ್ಲಿ ಅಮ್ಮನೇ ಎಲ್ಲಾ ಹೇಳಿಕೊಟ್ಟಿರಬೇಕು, ಇಲ್ಲಿ ಬಂದ ಮೇಲೆ ಬಣ್ಣ ಬಯಲಾಯಿತು ಎಂದರು ಒಬ್ಬರು. ನಮ್ಮ ಸೂಪರ್‌ವೈಸರ್ ಮೇಡಂ ಅವಳನ್ನು ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸುವ ಯೋಚನೆಯಲ್ಲಿದ್ದರು.

ಆ ತಡವಾದ ನಗು ನನಗೆ ಗೊತ್ತಿತ್ತು. ಮೂವತ್ತು ವರ್ಷ ನಾನೇ ನಕ್ಕಿದ್ದೇನೆ.

ಊಟದ ಬಿಡುವಿನಲ್ಲಿ ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಅವಳನ್ನು ಗೋಡೆಯ ಬದಿ ನಿಲ್ಲಿಸಿ ನಾನು ದೂರ ಸರಿದು ನಿಂತು ಮಾಸ್ಕ್ ಕೆಳಗಿಳಿಸಿದೆ, ಅವಳಿಗೂ ಇಳಿಸಲು ಸನ್ನೆ ಮಾಡಿದೆ. ಸ್ವರ ತೆಗೆಯದೆ ಬರೀ ತುಟಿ ಆಡಿಸಿ, ನಿನ್ನ ವಾಟರ್ ಬಾಟ್ಲಿಯ ಬಣ್ಣ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಪಿಂಕ್ ಅಂದಳು. ನಿನಗೆ ತಮ್ಮ ಇದ್ದಾನಾ ಎಂದು ಕೇಳಿದೆ. ಇದ್ದಾನೆ ಅಂತ ತಲೆಯಾಡಿಸಿ ಎರಡು ಬೆರಳು ತೋರಿಸಿದಳು, ಎರಡು ವರ್ಷದವನು ಎಂದು. ನಾನು ಒಂದು ಸ್ವರವನ್ನೂ ಹೊರಡಿಸಿರಲಿಲ್ಲ. ಆ ಮಗುವಿಗೆ ಅದರಲ್ಲೇನೂ ವಿಚಿತ್ರ ಕಾಣಲಿಲ್ಲ.

ತಾಯಿಯನ್ನು ಕರೆಸಿದೆ. ಅವರೂ ನಮ್ಮ ಕರಾವಳಿಯ ಕಡೆಯವರೇ, ನಮ್ಮ ಬ್ಯಾರಿ ಭಾಷೆಯಲ್ಲೇ ಮಾತಾಡಿದೆವು. ಹೊರಗೆ ಬರುವಾಗ ಮುಖ ಮುಚ್ಚುವವರು; ಹೆಂಗಸರ ಕೋಣೆಗೆ ಬಂದ ಮೇಲೆ ಮುಖದ ಬಟ್ಟೆ ಎತ್ತಿದರು. ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಮನೆಯಲ್ಲಿ ಅವಳಿಗೆ ಎಲ್ಲಾ ಕೇಳಿಸುತ್ತದೆ, ಎಲ್ಲದಕ್ಕೂ ಉತ್ತರ ಕೊಡುತ್ತಾಳೆ, ನನ್ನ ಮಗಳಿಗೆ ಯಾಕೆ ಇಲ್ಲದ ಹೆಸರು ಹಚ್ಚುತ್ತೀರಿ ಎಂದು ಕೇಳಿದರು. ನನಗೆ ಉಮ್ಮನ ಜೊತೆ ಮಾತಾಡಿದ ಹಾಗಾಯಿತು. ಒಂದೇ ಒಂದು ಸಲ ಅವಳ ಬೆನ್ನ ಹಿಂದೆ ನಿಂತು ಅವಳಿಗೆ ಇಷ್ಟವಾದ ಏನನ್ನಾದರೂ ಕೇಳಿ ನೋಡಿ ಎಂದು ಹೇಳಿ ಕಳಿಸಿದೆ.

ಮಾರನೇ ದಿನ ಬೆಳಿಗ್ಗೆ ಬೆಲ್ಲು ಹೊಡೆಯುವ ಮೊದಲೇ ಅವರು ಗೇಟಿನ ಹತ್ತಿರ ನಿಂತಿದ್ದರು. ಒಳಗೆ ಕರೆದುಕೊಂಡು ಹೋದೆ, ಮುಖದ ಬಟ್ಟೆ ಎತ್ತಿ ಮಾತಾಡಿದರು. ಅಡಿಗೆಮನೆಯಲ್ಲಿ ಮಗಳ ಹಿಂದೆ ನಿಂತು ಐಸ್‌ಕ್ರೀಮ್ ಬೇಕಾ ಎಂದು ನಾಲ್ಕು ಸಲ ಕೇಳಿದರಂತೆ. ಅವಳು ತಿರುಗಲಿಲ್ಲವಂತೆ. ಮತ್ತೆ ಅವರು ಹೇಳಿದರು: "ಶಾಪಿಂಗ್ ಮಾಲಿಗೆ ಹೋದಾಗೆಲ್ಲ ನನ್ನ ಮುಖದ ಬಟ್ಟೆ ಎಳೆಯುತ್ತಿದ್ದಳು ಟೀಚರ್. ಹಠ ಅಂತ ತಿಳಿದು ಎರಡು ಸಲ ಹೊಡೆದಿದ್ದೇನೆ."

ನಾನು ಅವರ ಕೈ ಹಿಡಿದುಕೊಂಡೆ. ಆ ಮಗುವಿಗೆ ಬೇಕಾಗಿದ್ದದ್ದು ಅಮ್ಮನ ಬಾಯಿ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರು. ಎರಡೂ ಕಿವಿ ಅರ್ಧಕ್ಕಿಂತ ಕಡಿಮೆ. ಯಂತ್ರ ಬರಲು ಕೆಲವು ವಾರ ಬೇಕು, ಬಂದ ಮೇಲೂ ಅಭ್ಯಾಸವಾಗಲು ಇನ್ನಷ್ಟು ದಿನ ಬೇಕು. ವಾರ್ಷಿಕ ಪರೀಕ್ಷೆಗೆ ಉಳಿದದ್ದು ಎರಡು ತಿಂಗಳೂ ಇಲ್ಲ. ಅಲ್ಲಿಯವರೆಗೆ ಅವಳಿಗೆ ನನ್ನ ಬಾಯಿ ಕಾಣಬೇಕು ಎಂದು ತೀರ್ಮಾನ ಮಾಡಿದೆ. ನಡುವೆ ಪಾರದರ್ಶಕ ಕಿಟಕಿ ಇರುವ ಮಾಸ್ಕನ್ನು ಫೋನಿನಲ್ಲಿ ನೋಡಿದ್ದೆ. ಖೋಬರಿನ ಮೂರು ಮೆಡಿಕಲ್ ಶಾಪಿನಲ್ಲಿ ವಿಚಾರಿಸಿದೆ, ಇರಲಿಲ್ಲ. ಸರಿ, ನಾವೇ ಹೊಲಿಯುವುದು.

ನಮ್ಮ ಮೇಲಿನ ಮನೆಯಲ್ಲಿ ಮಂಗಳೂರಿನ ಒಬ್ಬರು ಆಂಟಿ ಇದ್ದರು, ಕೊಂಕಣಿ ಮಾತಾಡುವವರು, ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಅವರಿಗೆ ಕೆಲಸ ಮಾತ್ರ ಹೇಳಿದೆ, ನನ್ನ ಕಿವಿಯ ಕಥೆ ಹೇಳಲಿಲ್ಲ. ಮೊದಲು ಊಟದ ಮೇಜಿನ ಮೇಲೆ ಹಾಸುವ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಹೊಲಿದೆವು. ಅದನ್ನು ಹಾಕಿದರೆ ಡಬ್ಬಿಯೊಳಗಿಂದ ಮಾತಾಡಿದ ಹಾಗಾಯಿತು. ಆಮೇಲೆ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ತೆಳು ಪ್ಲಾಸ್ಟಿಕ್ ತಂದೆವು. ಮೂಗಿನ ಮೇಲೆ, ಗಲ್ಲದ ಕೆಳಗೆ, ಎರಡು ಬದಿಗೆ ಎರಡು ಪದರ ಹತ್ತಿ ಬಟ್ಟೆ, ನಡುವೆ ಪ್ಲಾಸ್ಟಿಕ್. ನಾಲ್ಕು ಮಾತಾಡುವುದರೊಳಗೆ ಅದರ ಮೇಲೆ ಉಸಿರಿನ ಮಂಜು ಕಟ್ಟಿತು. "ನನ್ನ ಗಂಡ ಕನ್ನಡಕಕ್ಕೆ ಪಾತ್ರೆ ತೊಳೆಯುವ ಸಾಬೂನು ಉಜ್ಜುತ್ತಾರೆ ಮಾರಾಯ್ತಿ, ಹಾಗೆ ಮಾಡಿ ನೋಡು" ಎಂದರು ಆಂಟಿ. ಒಂದು ಹನಿ ಉಜ್ಜಿ ಒರೆಸಿದೆವು. ಒಂದು ಪೀರಿಯಡ್ಡಿಗೆ ಸಾಕಾಯಿತು.

ನನ್ನ ಗಂಡನ ಕೆಲಸ ರಾಸ್ ಅಲ್ ಖೈರಿನಲ್ಲಿ, ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಗುರುವಾರ ಸಂಜೆ ಮನೆಗೆ ಬರುತ್ತಾರೆ. ಆ ಗುರುವಾರ ಮಾಸ್ಕ್ ಹಾಕಿಕೊಂಡು ಬಾಗಿಲು ತೆಗೆದೆ. ಅವರು ಜೋರಾಗಿ ನಕ್ಕರು, ಆಮೇಲೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಪಂಪುಗಳ ಹತ್ತಿರ ತಮಗೂ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ, ಕೈಸನ್ನೆ ಮಾಡಿ ಬಾಯಿ ನೋಡಿಯೇ ಕೆಲಸ ನಡೆಯುವುದು, ಮಾಸ್ಕ್ ಬಂದ ಮೇಲೆ ಅಲ್ಲೂ ಗೊಂದಲ ಎಂದರು. ಅಲ್ಲಿ ಅದನ್ನು ಯಾರೂ ಕೊರತೆ ಅನ್ನುವುದಿಲ್ಲ, ಕೆಲಸದ ರೀತಿ ಅನ್ನುತ್ತಾರೆ ಎಂದರು. ಆದರೆ ಕೊನೆಗೆ ಅವರೂ ಹೇಳಿದ್ದು, ಮಗುವಿನ ವಿಷಯ ಹೇಳು, ನಿನ್ನದು ಹೇಳಬೇಡ, ನಿನ್ನ ಕಾಂಟ್ರಾಕ್ಟ್ ರಿನ್ಯೂ ಆಗುವ ಸಮಯ.

ಭಾನುವಾರ ಆ ಮಾಸ್ಕ್ ಹಾಕಿ ಕ್ಲಾಸಿಗೆ ಹೋದೆ. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಆಮೇಲೆ ಒಬ್ಬಳು, ಮಿಸ್ಸಿಗೆ ಹಲ್ಲುಂಟು ಎಂದು ಕೂಗಿದಳಂತೆ. ಏನಂದಳು, ಬರೆದು ತೋರಿಸಿ ಎಂದಾಗ ಅವಳ ಪಕ್ಕದವಳು ಕಾಗದದಲ್ಲಿ ಬರೆದು ತೋರಿಸಿದಳು. ಇಡೀ ಕ್ಲಾಸು ನಕ್ಕಿತು. ಮೂರನೇ ಬೆಂಚಿನವಳನ್ನು ಮೊದಲನೇ ಬೆಂಚಿಗೆ ಕರೆತಂದೆ. ಕಿಟಕಿಯ ಬೆಳಕು ಪ್ಲಾಸ್ಟಿಕ್ಕಿನ ಮೇಲೆ ಹೊಳೆದರೆ ಬಾಯಿ ಕಾಣುವುದಿಲ್ಲ, ಹಾಗಾಗಿ ನಾನು ನಿಲ್ಲುವ ಜಾಗ ಬದಲಿಸಿದೆ. ಪ್ಲಾಸ್ಟಿಕ್ ಸ್ವರವನ್ನು ಇನ್ನಷ್ಟು ತಡೆಯುತ್ತದೆ, ಅದಕ್ಕೆ ನಿಧಾನವಾಗಿ ಮಾತಾಡಿದೆ. ಡಿಕ್ಟೇಶನ್ ಕೊಟ್ಟೆ. ಅವಳು ಪಕ್ಕದವಳ ಪುಸ್ತಕ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಹತ್ತರಲ್ಲಿ ಏಳು ಸರಿ ಬರೆದಳು.

ಅವಳೊಬ್ಬಳಿಗೆ ಮಾತ್ರ ಉಪಯೋಗವಾಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಫ್ಯಾನ್ ಮತ್ತು ವ್ಯಾನ್ ಎರಡನ್ನೂ ಒಂದೇ ತರ ಬರೆಯುತ್ತಿದ್ದವರು ನನ್ನ ಹಲ್ಲು ತುಟಿಯನ್ನು ಒತ್ತುವುದನ್ನು ನೋಡಿ ತಾವೂ ಮಾಸ್ಕಿನೊಳಗೆ ಒತ್ತಿ ನೋಡಿದರು. ಕಥೆ ಹೇಳುವಾಗ ನಾನು ಸಿಟ್ಟಾದದ್ದು ನಿಜವೋ ನಾಟಕವೋ ಎಂದು ಅವರಿಗೆ ಮೊದಲು ತಿಳಿಯುತ್ತಿರಲಿಲ್ಲ, ಹೆದರಿ ಕೂತಿರುತ್ತಿದ್ದರು. ಈಗ ನನ್ನ ಬಾಯಿ ನೋಡಿ ನಗತೊಡಗಿದರು.

ಎಂಟು ದಿನ ಕಳೆದಿರಬೇಕು, ಒಂದು ಮಗುವಿನ ಹೆತ್ತವರಿಂದ ದೂರು ಬಂತು. ಟೀಚರ್ ಪ್ಲಾಸ್ಟಿಕ್ ಹಾಕಿಕೊಂಡು ಬರುತ್ತಾರೆ, ಅದು ಮಾಸ್ಕ್ ಅಲ್ಲ ಎಂದು. ಸೂಪರ್‌ವೈಸರ್ ಮೇಡಂ ಕ್ಲಾಸಿನ ಬಾಗಿಲಿಗೇ ಬಂದು ಎಲ್ಲರಿಗೂ ಕೇಳುವಷ್ಟು ಜೋರಾಗಿ, ನಾಳೆಯಿಂದ ಎಲ್ಲರ ಹಾಗೆ ಸಾಮಾನ್ಯ ಮಾಸ್ಕ್ ಹಾಕಿ ಎಂದರು. ಅವರು ಕೆಟ್ಟವರಲ್ಲ. ಅವರಿಗೆ ರೋಗದ ಭಯವಿತ್ತು, ಮ್ಯಾನೇಜ್‌ಮೆಂಟಿನ ಭಯವೂ ಇತ್ತು. ಮರುದಿನ ನಾನು ಅದನ್ನೇ ಹಾಕಿಕೊಂಡು ಹೋದೆ. ಎರಡನೇ ಪೀರಿಯಡ್ಡಿನಲ್ಲಿ ಹೆಡ್‌ಮಿಸ್ಟ್ರೆಸ್ಸರ ಕೋಣೆಗೆ ಕರೆ ಬಂತು.

ಒಳಗೆ ಹೋಗುವಾಗ ಹೇಳಬೇಕೆಂದು ಇದ್ದದ್ದು ಮಗುವಿನ ವಿಷಯ ಮಾತ್ರ. ಆಸ್ಪತ್ರೆಯ ರಿಪೋರ್ಟಿನ ಪ್ರತಿ ಮೇಜಿನ ಮೇಲಿಟ್ಟೆ, ತಾಯಿ ಬರೆದ ಪತ್ರ ಇಟ್ಟೆ. ಮಾಸ್ಕ್ ತೆಗೆದು ಅದರ ಅಂಚು ಎಲ್ಲಿಯೂ ಸಡಿಲವಿಲ್ಲ ಎಂದು ತೋರಿಸಿದೆ. ಹೆಡ್‌ಮಿಸ್ಟ್ರೆಸ್ ಎಲ್ಲವನ್ನೂ ನೋಡಿದರು. ಸೂಪರ್‌ವೈಸರ್ ಮೇಡಂ ಅವರ ಪಕ್ಕ ನಿಂತು ಮಾಸ್ಕಿನೊಳಗಿಂದ ಏನೋ ಉದ್ದಕ್ಕೆ ಹೇಳಿದರು. ನನಗೆ ಒಂದು ಶಬ್ದವೂ ಸಿಗಲಿಲ್ಲ. ತಲೆ ಆಡಿಸಲು ಹೊರಟಿದ್ದೆ. ಅಷ್ಟರಲ್ಲಿ ಒದ್ದೆ ಸ್ಕರ್ಟಿನ ಆ ಮಗುವಿನ ನೆನಪಾಯಿತು.

"ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎಂದೆ.

ಅವರು ಹತ್ತಿರ ಬಂದು ಜೋರಾಗಿ ಹೇಳಿದರು: "ಒಂದು ಮಗುವಿಗಾಗಿ ಇಡೀ ಶಾಲೆಯ ನಿಯಮ ಬದಲಿಸಲು ಆಗುವುದಿಲ್ಲ."

"ಒಂದು ಮಗು ಅಲ್ಲ ಮೇಡಂ. ಆ ಕ್ಲಾಸಿನಲ್ಲಿ ಕಿವಿ ಕೇಳದವರು ಇಬ್ಬರಿದ್ದೇವೆ."

ಹೆಡ್‌ಮಿಸ್ಟ್ರೆಸ್ ತಲೆಯೆತ್ತಿ ಅವರೂ ಜೋರಾಗಿಯೇ ಕೇಳಿದರು. "ಇನ್ನೊಬ್ಬಳು ಯಾರು?"

"ನಾನು."

ಶಾಲು ಸರಿಸಿ ಕಿವಿಯ ಯಂತ್ರ ತೆಗೆದು ರಿಪೋರ್ಟಿನ ಮೇಲೆ ಇಟ್ಟೆ. ಕಿವಿಯಿಂದ ಹೊರತೆಗೆದ ಯಂತ್ರ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಹೆಡ್‌ಮಿಸ್ಟ್ರೆಸ್ ಏನೋ ಕೇಳಿದರು. ಯಂತ್ರವನ್ನು ಮತ್ತೆ ಹಾಕಿಕೊಂಡು, ಈಗ ಕೇಳಿ ಎಂದೆ. ಇಷ್ಟು ವರ್ಷ ಪಾಠ ಹೇಗೆ ಮಾಡಿದಿರಿ ಎಂದರು. ಮಕ್ಕಳ ಬಾಯಿ ನೋಡಿ ಎಂದೆ. ಕೆಲಸಕ್ಕೆ ಸೇರುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಹೇಳಿದ್ದರೆ ಕೆಲಸ ಕೊಡುತ್ತಿದ್ದಿರಾ?"

ಅವರು ಮೇಜಿನ ಮೇಲಿದ್ದ ರಿಪೋರ್ಟನ್ನು ಮತ್ತೆ ಕೈಗೆತ್ತಿಕೊಂಡರು. ಒಂಬತ್ತು ವರ್ಷದ ನನ್ನ ಮಕ್ಕಳ ಫಲಿತಾಂಶ ನಿಮ್ಮ ಹತ್ತಿರವೇ ಇದೆ, ಅದನ್ನು ನೋಡಿ. ನಾನು ಈ ಮಾಸ್ಕ್ ತೆಗೆಯುವುದಿಲ್ಲ, ತೆಗೆಯಲೇಬೇಕು ಅಂತಾದರೆ ಅದನ್ನು ಬರೆದು ಕೊಡಿ, ಯಾಕೆ ಅಂತಲೂ ಬರೆಯಿರಿ ಎಂದೆ. ಹೆಡ್‌ಮಿಸ್ಟ್ರೆಸ್ ಶಾಲೆಯ ನರ್ಸನ್ನು ಕರೆಸಿದರು. ನರ್ಸ್ ಮಾಸ್ಕನ್ನು ನನ್ನ ಮುಖದ ಮೇಲೆ ಅಮುಕಿ ನೋಡಿ, ಮಕ್ಕಳು ಹಾಕುವ ಬಟ್ಟೆ ಮಾಸ್ಕಿಗಿಂತ ಇದೇ ಬಿಗಿಯಾಗಿದೆ ಎಂದರು. ಪರೀಕ್ಷೆಯವರೆಗೆ, ನನ್ನ ಕ್ಲಾಸಿಗೆ ಮಾತ್ರ, ಅಂತರ ಕಾಪಾಡಿಕೊಳ್ಳುವ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಅದನ್ನೂ ಬರೆದು ಕೊಡಿ ಎಂದೆ. ಸಂಜೆ ಬರೆದು ಕೊಟ್ಟರು.

ಆ ಗುರುವಾರ ಗಂಡನಿಗೆ ಹೇಳಿದೆ. ಅವರು ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ, ಕೆಲಸ ಹೋದರೆ ಏನು ಮಾಡುತ್ತೀ ಎಂದರು. ಆಂಟಿಯ ಜೊತೆ ಮಾಸ್ಕ್ ಹೊಲಿಯುತ್ತೇನೆ ಎಂದೆ. ಅವರು ಇನ್ನಷ್ಟು ಸಾರು ಹಾಕಿಸಿಕೊಂಡರು.

ಮಕ್ಕಳಿಗೂ ಅಂಥದ್ದೇ ಸಣ್ಣ ಮಾಸ್ಕ್ ಹೊಲಿದೆವು. ಆಗ ತಾನೇ ನನಗೆ ಅವರ ಮಾತು ತಿಳಿಯುವುದು. ಅದನ್ನೂ ಕ್ಲಾಸಿನಲ್ಲಿ ನಾನೇ ಹೇಳಿದೆ, ಮಿಸ್ಸಿಗೆ ಕಿವಿ ಸರಿ ಕೇಳಿಸುವುದಿಲ್ಲ, ನಿಮ್ಮ ಬಾಯಿ ಕಂಡರೆ ತಿಳಿಯುತ್ತದೆ ಎಂದು. ದೊಡ್ಡವರಿಗೆ ಹೇಳಲು ಮೂವತ್ತು ವರ್ಷ ಬೇಕಾದ ವಿಷಯ ಆ ಮಕ್ಕಳಿಗೆ ಅರ್ಧ ನಿಮಿಷದಲ್ಲಿ ಸಾಮಾನ್ಯವಾಯಿತು. ಹನ್ನೊಂದು ತಾಯಂದಿರು ಒಪ್ಪಿ ಮಾಸ್ಕ್ ಹಾಕಿಸಿ ಕಳಿಸಿದರು, ಉಳಿದವರು ಕಳಿಸಲಿಲ್ಲ. ಮೌಖಿಕ ಪರೀಕ್ಷೆಗೆ ಸೂಪರ್‌ವೈಸರ್ ಮೇಡಂ ಕೂತರು, ತಮ್ಮ ಮಾಸ್ಕ್ ಬದಲಿಸಲು ಒಪ್ಪಲಿಲ್ಲ. ಹಾಗಾದರೆ ನಿಮ್ಮ ಪ್ರಶ್ನೆಯನ್ನು ನಾನು ತಿರುಗಿ ಹೇಳುತ್ತೇನೆ ಎಂದು, ಯಂತ್ರವಿದ್ದ ಬಲಗಿವಿಯನ್ನು ಅವರ ಕಡೆ ಮಾಡಿ, ಅವರ ಪ್ರಶ್ನೆಗಳ ಪಟ್ಟಿಯನ್ನೂ ನೋಡುತ್ತಾ ಪಕ್ಕದಲ್ಲೇ ನಿಂತೆ. ಅವರು ಕೇಳಿದ್ದನ್ನು ನಾನು ಅಷ್ಟೇ ಹೇಳಿದೆ, ಒಂದು ಶಬ್ದ ಹೆಚ್ಚಿಲ್ಲ. ಹುಡುಗಿ ಉತ್ತರ ಕೊಟ್ಟಳು. ಎಲ್ಲದಕ್ಕೂ ಅಲ್ಲ, ಮುಕ್ಕಾಲು ಪಾಲಿಗೆ. ಮೂರನೇ ಕ್ಲಾಸಿಗೆ ಪಾಸಾದಳು.

ಹೊಸ ಶಾಲಾ ವರ್ಷದ ಟೈಮ್‌ಟೇಬಲ್ ಬಂದಾಗ ನನ್ನ ಹೆಸರಿನ ಮುಂದೆ ಯಾವ ಕ್ಲಾಸೂ ಇರಲಿಲ್ಲ. ಲೈಬ್ರರಿ ಮತ್ತು ರಜೆ ಹಾಕಿದವರ ಬದಲಿ ಕೆಲಸ. ನಿಮ್ಮ ಅನುಕೂಲಕ್ಕೆಂದೇ ಹೀಗೆ ಮಾಡಿದ್ದು ಎಂದರು. ನನ್ನ ಅನುಕೂಲ ನನ್ನನ್ನು ಕೇಳಿ ಮಾಡಿ ಎಂದು ಪತ್ರ ಬರೆದೆ. ಉತ್ತರ ಬರದಿದ್ದಾಗ ಇನ್ನೊಂದು ಬರೆದೆ. ಹಳೇ ಕ್ಲಾಸಿನ ಏಳು ತಾಯಂದಿರೂ ಸೇರಿ ಒಂದು ಬರೆದರು. ಬೇಸಿಗೆ ರಜೆ ಮುಗಿದ ಮೇಲೆ ಒಂದನೇ ಕ್ಲಾಸು ಕೊಟ್ಟರು. ಅಷ್ಟರಲ್ಲಿ ಮಾಸ್ಕಿನ ನಿಯಮವೇ ಹೋಗಿತ್ತು. ಆದರೂ ಪ್ರತಿ ಮೀಟಿಂಗಿನಲ್ಲಿ ನಾನು ಎದ್ದು ಹೇಳುತ್ತೇನೆ, ಬೋರ್ಡಿಗೆ ಮುಖ ಮಾಡಿ ಪಾಠ ಮಾಡಬೇಡಿ, ಬಾಯಿಗೆ ಪುಸ್ತಕ ಅಡ್ಡ ಹಿಡಿಯಬೇಡಿ ಎಂದು. ಕೆಲವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಆ ಹುಡುಗಿಯ ಅಪ್ಪನಿಗೆ ಹಫ್ರ್ ಅಲ್ ಬಾತಿನ್‌ಗೆ ವರ್ಗವಾಗಿ ಮನೆಯವರೆಲ್ಲ ಅಲ್ಲಿಗೆ ಹೋದರು. ಕಿವಿಗೆ ಯಂತ್ರ ಬಂದಿತ್ತು, ಅದಕ್ಕೆ ಅವಳೇ ನೇರಳೆ ಬಣ್ಣ ಆರಿಸಿದ್ದಳು. ಹೋದ ತಿಂಗಳು ಅವಳ ತಾಯಿ ವೀಡಿಯೋ ಕಾಲ್ ಮಾಡಿದರು. ನಾನು ಮಾತಾಡುವುದು ವೀಡಿಯೋದಲ್ಲೇ ಎಂದು ಅವರಿಗೆ ಗೊತ್ತು. ಹೊಸ ಶಾಲೆಯಲ್ಲಿ ಮಗಳು ಕ್ಲಾಸಿನ ನಡುವೆ ಎದ್ದು ನಿಂತು, ನನ್ನ ಕಡೆ ನೋಡಿ ಮಾತಾಡಿ ಮಿಸ್, ನನಗೆ ಬಾಯಿ ಕಾಣಬೇಕು ಎಂದಳಂತೆ. ಟೀಚರಿಗೆ ಅದು ಅಧಿಕಪ್ರಸಂಗ ಅನಿಸಿ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಈಗ ಎಂತ ಮಾಡುವುದು ಟೀಚರ್ ಎಂದು ತಾಯಿ ಕೇಳಿದರು.

ರಿಪೋರ್ಟಿನ ಪ್ರತಿ ತೆಗೆದುಕೊಂಡು ನಾಳೆ ನೀವೂ ಶಾಲೆಗೆ ಹೋಗಿ, ಅವಳು ಕೇಳಿದ್ದರಲ್ಲಿ ತಪ್ಪಿಲ್ಲ ಎಂದು ಡೈರಿಯಲ್ಲಿ ನೀವೇ ಬರೆಯಿರಿ ಎಂದೆ. ಮಗಳು ನಾಳೆಯೂ ಎದ್ದು ನಿಂತು ಕೇಳಲಿ ಎಂದೆ.

"ಟೀಚರಿಗೆ ಸಿಟ್ಟು ಬಂದರೆ?"

"ಬರಲಿ" ಎಂದೆ.